ಮಂಗಳೂರಿನ ಮಳೆಗೆ ಯಾವ ಹಳೆಯ ಓಪನ್ ಕಾರು: ಸ್ಟಾರ್ಮ್, ಜೆಡ್4, ಎಸ್‌ಎಲ್‌ಕೆ

ಕಾರು ನೋಡಲು ಹೋಗುವ ಮೊದಲು ನಿಮ್ಮ ಕಾರ್ ಶೆಡ್ಡಿನ ಮಾಡು, ಅಂದರೆ ಛಾವಣಿ, ನೋಡಿ ಬನ್ನಿ. ಹಳೆಯ ಓಪನ್ ಸ್ಪೋರ್ಟ್ಸ್ ಕಾರು ಬೇಕು, ಯಾವುದು ತಗೊಳ್ಳಲಿ ಅಂತ ಕೇಳುವವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಎಂಜಿನ್ ಎಷ್ಟು ಸಿಸಿ, ನೂರರ ವೇಗಕ್ಕೆ ಎಷ್ಟು ಸೆಕೆಂಡು, ಅದೆಲ್ಲ ಆಮೇಲೆ. ಮಂಗಳೂರು, ಉಡುಪಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಮಳೆ ಬಿಟ್ಟ ದಿನವೂ ಗಾಳಿಯಲ್ಲಿ ಉಪ್ಪು ಇರುತ್ತದೆ. ಇಂಥ ಊರಿನಲ್ಲಿ ಇಪ್ಪತ್ತು ವರ್ಷದ ಓಪನ್ ಕಾರು ಓಡಿಸಿ ಹಾಳಾಗುವುದಕ್ಕಿಂತ ನಿಲ್ಲಿಸಿ ಹಾಳಾಗುವುದೇ ಜಾಸ್ತಿ.

ನನ್ನ ಹತ್ತಿರ ಇರುವುದು 2006ರ ಮರ್ಸಿಡಿಸ್ ಎಸ್‌ಎಲ್‌ಕೆ 200. ಬಿಜೈಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ನಿಲ್ಲುತ್ತದೆ. ಅದನ್ನು ತಗೊಳ್ಳುವ ಮೊದಲು ಒಂದು ವರ್ಷ ಪೂರ್ತಿ ಹುಡುಕಿದ್ದೆ. ಬೆಂಗಳೂರಿನಲ್ಲಿ ಒಂದು ಬಿಎಂಡಬ್ಲ್ಯು ಜೆಡ್4 ನೋಡಿ, ಮುಂಗಡ ಕೊಡುವ ತನಕ ಹೋಗಿ, ಬಿಟ್ಟು ಬಂದೆ. ಕಟಪಾಡಿಯ ಗೆಳೆಯರೊಬ್ಬರ ಮನೆಯಲ್ಲಿ ಸ್ಯಾನ್ ಸ್ಟಾರ್ಮ್ ಇದೆ. ಎಷ್ಟೋ ಭಾನುವಾರಗಳನ್ನು ಅವರ ಅಂಗಳದಲ್ಲಿ ಆ ಕಾರಿನ ಕೆಳಗೆ ಮಲಗಿ ಕಳೆದಿದ್ದೇನೆ. ಹಾಗಾಗಿ ಈ ಮೂರನ್ನೇ ಇಟ್ಟುಕೊಂಡು ಹೇಳುತ್ತೇನೆ. ನಿಮ್ಮ ಕಣ್ಣು ಬೇರೆ ಕಾರಿನ ಮೇಲಿದ್ದರೂ ಅದು ಈ ಮೂರು ಬಗೆಯಲ್ಲಿ ಒಂದಕ್ಕೆ ಸೇರುತ್ತದೆ: ಕೈಯಲ್ಲೇ ಹಾಕಿ ತೆಗೆಯುವ ಹುಡ್, ಮೋಟಾರಿನಲ್ಲಿ ಮಡಚುವ ಬಟ್ಟೆಯ ಮಾಡು, ಮೋಟಾರಿನಲ್ಲಿ ಮಡಚುವ ತಗಡಿನ ಮಾಡು.

ಮೊದಲು ನೀರಿನ ದಾರಿ

ಓಪನ್ ಕಾರಿನ ಮಾಡಿನ ಸುತ್ತ ರಬ್ಬರ್ ಇರುತ್ತದೆ. ಅದು ಎಲ್ಲ ನೀರನ್ನೂ ಹೊರಗೇ ತಡೆಯುತ್ತದೆ ಅಂತ ಹೆಚ್ಚಿನವರು ಅಂದುಕೊಂಡಿರುತ್ತಾರೆ. ಕಾರು ಕಟ್ಟಿದವರು ಹಾಗೆ ನಂಬಿಲ್ಲ. ಸ್ವಲ್ಪ ನೀರು ಬಂದೇ ಬರುತ್ತದೆ ಅಂತ ಲೆಕ್ಕ ಹಾಕಿ, ಅದನ್ನು ಹಿಡಿಯಲು ಒಂದು ಕಾಲುವೆ, ಅಲ್ಲಿಂದ ಕೆಳಗೆ ಬಿಡಲು ಪೈಪು ಇಟ್ಟಿದ್ದಾರೆ. ಹಳೆಯ ಹಂಚಿನ ಮನೆಗಳಲ್ಲಿ ಮಾಡಿನ ನೀರು ಹಿಡಿಯಲು ಅಡಿಕೆ ಮರದ ದಂಬೆ ಇಡುತ್ತಿದ್ದರಲ್ವಾ, ಅದೇ ಕ್ರಮ. ದಂಬೆಯಲ್ಲಿ ಎಲೆ ಕಟ್ಟಿದರೆ ನೀರು ಎಲ್ಲಿಗೆ ಬರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ.

1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಓಪನ್ ಕಾರು. ನಮ್ಮ ದೇಶದಲ್ಲಿ ಅದು ಮಾರಾಟಕ್ಕೆ ಬರಲಿಲ್ಲ. ಆದರೆ ಹಳೆಯ ಎಂಎಕ್ಸ್-5 ಇಟ್ಟುಕೊಂಡವರ ಕತೆ ನಮಗೂ ಪಾಠ. ಸೀಟಿನ ಹಿಂದಿನ ಡ್ರೈನ್ ತೂತಿಗೆ ಕಸ ಕಟ್ಟುತ್ತದೆ. ನೀರು ಕಾರ್ಪೆಟ್ ಕೆಳಗೆ ಇಳಿಯುತ್ತದೆ. ಬಾಗಿಲ ಕೆಳಗಿನ ತಗಡು ಒಳಗಿನಿಂದ ತುಕ್ಕು ಹಿಡಿದು ಬರುತ್ತದೆ. ಹೊರಗೆ ಬಣ್ಣ ಉಬ್ಬಿದ್ದು ಕಾಣುವ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ.

ತೂತು ಬಿಡಿಸುವುದು ಮನೆಯಲ್ಲೇ ಮಾಡುವ ಕೆಲಸ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ ನೈಲಾನ್ ದಾರ ಎರಡು ಮೀಟರ್ ತಗೊಳ್ಳಿ. ಅದರ ತುದಿಯನ್ನು ಲೈಟರಿನಲ್ಲಿ ಕರಗಿಸಿ ದುಂಡಗೆ ಮಾಡಿ. ಮೆಲ್ಲಗೆ ಪೈಪಿನೊಳಗೆ ಬಿಡಿ. ಆಮೇಲೆ ಒಂದು ಚೊಂಬು ನೀರು ಹಾಕಿ, ಗಾಡಿಯ ಕೆಳಗೆ ಎಲ್ಲಿ ಬೀಳುತ್ತದೆ ನೋಡಿ. ಎರಡೂ ಬದಿಯಲ್ಲಿ ಒಂದೇ ಹೊತ್ತಿಗೆ, ಒಂದೇ ರಭಸದಲ್ಲಿ ಬೀಳಬೇಕು. ಪಂಕ್ಚರ್ ಅಂಗಡಿಯ ಗಾಳಿ ಮಾತ್ರ ಹೊಡೆಸಬೇಡಿ. ಹಳೆಯ ಪೈಪಿನ ಜೋಡಣೆ ಒಳಗೇ ಕಳಚಿಕೊಳ್ಳುತ್ತದೆ. ಮತ್ತೆ ನೀರೆಲ್ಲ ಸೀದಾ ಕಾರಿನ ಒಳಗೆ. ಈ ಕೆಲಸವನ್ನು ಮೇ ಕೊನೆಗೆ ಒಮ್ಮೆ ಮಾಡಿ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಮಾಡಿ. ಪಕ್ಕದಲ್ಲಿ ಹಲಸು, ಮಾವು ಇದ್ದರೆ ಹದಿನೈದು ದಿನಕ್ಕೊಮ್ಮೆ.

ಸ್ಯಾನ್ ಸ್ಟಾರ್ಮ್

1998ರಲ್ಲಿ ಬಂದ ಕಾರು. ಗೋವಾದಲ್ಲಿ ಕಟ್ಟಿದ್ದು. 1,149 ಸಿಸಿಯ ರೆನೋ ಎಂಜಿನ್, ಸುಮಾರು 60 ಕುದುರೆ ಶಕ್ತಿ. ಇವತ್ತಿನ ಮಾರುತಿಯೂ ಇದಕ್ಕಿಂತ ಜೋರಾಗಿ ಓಡುತ್ತದೆ. ಆದರೆ ಮೈ ಇಡೀ ಫೈಬರ್ ಗ್ಲಾಸ್. ಕರಾವಳಿಯವರು ಇದನ್ನು ಇನ್ನೊಮ್ಮೆ ಓದಿಕೊಳ್ಳಬೇಕು. ಮೈಗೆ ತುಕ್ಕು ಹಿಡಿಯುವ ಪ್ರಶ್ನೆಯೇ ಇಲ್ಲ.

ಬಿರುಕು ಬಿಟ್ಟರೆ, ಬಂಪರ್ ಮೂಲೆ ಒಡೆದರೆ ಕಾರು ರಿಪೇರಿಯವರ ಹತ್ತಿರ ಹೋಗುವ ಬದಲು ಗೆಳೆಯರು ಮಲ್ಪೆಗೆ ಹೋಗುತ್ತಾರೆ. ಅಲ್ಲಿ ಫೈಬರ್ ದೋಣಿ ರಿಪೇರಿ ಮಾಡುವವರಿಗೆ ಮ್ಯಾಟ್, ರೆಸಿನ್ ಕೈಯಾಡಿಸಿದ ಕೆಲಸ. ಸಮುದ್ರದ ಹೊಡೆತ ತಡೆಯುವ ಹಾಗೆ ಕಟ್ಟುವವರಿಗೆ ಒಂದು ಬಾನೆಟ್ ಸರಿಮಾಡುವುದು ದೊಡ್ಡ ವಿಷಯ ಅಲ್ಲ. ತಿಕ್ಕಿ ನಯ ಮಾಡಿ ಬಣ್ಣ ಹೊಡೆಯಲು ಮಾತ್ರ ಕಾರಿನ ಪೇಂಟರ್ ಬೇಕು. ಹುಡ್ಡಿನದ್ದೂ ಹಾಗೆಯೇ. ಹೊಲಿಗೆ ಬಿಟ್ಟಾಗ ರಿಕ್ಷಾ ಹುಡ್ ಹೊಲಿಯುವ ರೆಕ್ಸಿನ್ ಅಂಗಡಿಯಲ್ಲೇ ಕೆಲಸ ಆಯಿತು. ಮೋಟಾರ್ ಇಲ್ಲ, ಪಂಪ್ ಇಲ್ಲ, ಸೆನ್ಸರ್ ಇಲ್ಲ.

ತೊಂದರೆ ಇಲ್ಲ ಅಂತಲ್ಲ. ಹುಡ್ಡಿನ ಅಂಚಿನಲ್ಲಿ ನೀರು ಬರುತ್ತದೆ, ಜೋರು ಮಳೆಗೆ ಬಂದೇ ಬರುತ್ತದೆ. ಕೆಳಗಿನ ಚೌಕಟ್ಟು ಕಬ್ಬಿಣದ್ದು. ಮೇಲೆ ಫೈಬರ್ ಹೊಳೆಯುವಾಗ ಕೆಳಗೆ ತುಕ್ಕು ತಿನ್ನುತ್ತಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ತಗೊಳ್ಳುವ ಮೊದಲು ಲಿಫ್ಟಿನ ಮೇಲೆ ಏರಿಸಿ ಸಣ್ಣ ಸುತ್ತಿಗೆಯಲ್ಲಿ ಅಲ್ಲಲ್ಲಿ ತಟ್ಟಿ ನೋಡಲೇಬೇಕು. ಗಟ್ಟಿ ಕಬ್ಬಿಣದ ಸದ್ದು ಬೇರೆ, ತಿಂದ ಕಬ್ಬಿಣದ ಸದ್ದು ಬೇರೆ. ಇನ್ನು ಇದರ ಸಾಮಾನು ಕೌಂಟರಿನಲ್ಲಿ ಕೇಳಿದರೆ ಸಿಗುವುದಿಲ್ಲ. ಎಂಜಿನ್ನಿನ ಸಾಮಾನನ್ನು ಹೊರದೇಶದ ಹಳೆಯ ರೆನೋ ಕ್ಲಿಯೋ ಕಾರಿನ ಲೆಕ್ಕದಲ್ಲಿ ಹುಡುಕಬೇಕು. ಕಾಯುವ ತಾಳ್ಮೆ ಇರುವವರ ಕಾರು ಇದು. ತಾವೇ ಸ್ಪ್ಯಾನರ್ ಹಿಡಿಯುವವರಿಗೆ ಇದರಷ್ಟು ಖುಷಿ ಕೊಡುವ ಹಳೆಯ ಗಾಡಿ ಈ ದರದಲ್ಲಿ ಇನ್ನೊಂದಿಲ್ಲ ಅಂತ ನನ್ನ ನಂಬಿಕೆ.

ಜೆಡ್4

ನಾನು ಹೇಳುತ್ತಿರುವುದು 2002ರಿಂದ 2008ರ ತನಕ ಬಂದ ಇ85 ಮಾದರಿ. ಬಟ್ಟೆಯ ಮಾಡು. ಆಮೇಲೆ 2009ರಲ್ಲಿ ಬಂದ ಇ89ಕ್ಕೆ ಮಡಚುವ ತಗಡಿನ ಮಾಡು. ಅದು ಎಸ್‌ಎಲ್‌ಕೆಯ ಸಾಲಿಗೆ ಸೇರುತ್ತದೆ.

ಓಡಿಸಲು ಮೂರರಲ್ಲಿ ಇದೇ ಮೇಲು. ಅನುಮಾನವೇ ಇಲ್ಲ. ಆರು ಸಿಲಿಂಡರ್ ಒಂದೇ ಸಾಲಿನಲ್ಲಿ, ಹಿಂದಿನ ಗಾಲಿಗೆ ಶಕ್ತಿ, ಸೀಟು ಹೆಚ್ಚು ಕಡಿಮೆ ಹಿಂದಿನ ಗಾಲಿಯ ಮೇಲೆ. ಬೆಂಗಳೂರಿನಲ್ಲಿ ಅರ್ಧ ಗಂಟೆ ಓಡಿಸಿದಾಗ ಆಗುಂಬೆಯ ಹೇರ್‌ಪಿನ್ ತಿರುವುಗಳು ನೆನಪಾಗಿ ಕೈ ನಡುಗಿತ್ತು.

ಆದರೂ ಬಿಟ್ಟು ಬಂದೆ. ಈ ಕಾರಿನ ಮಾಡು ಮಡಚುವ ಹೈಡ್ರಾಲಿಕ್ ಪಂಪಿನ ಮೋಟಾರು ಎಡಬದಿಯಲ್ಲಿ, ಮಾಡು ಮಡಚಿ ಕೂರುವ ಗುಂಡಿಯ ತಳದಲ್ಲಿ ಇದೆ. ನೀರು ಹೋಗುವ ಡ್ರೈನ್ ಇರುವುದೂ ಅದೇ ಮೂಲೆಯಲ್ಲಿ. ಡ್ರೈನ್ ಕಟ್ಟಿದರೆ ಮೊದಲು ಮುಳುಗುವುದು ಆ ಮೋಟಾರು. ಅದನ್ನು ಹೊರಗೆ ತೆಗೆಯಬೇಕಾದರೆ ಮಾಡನ್ನೇ ಬಿಚ್ಚಬೇಕಾಗುತ್ತದೆ. ಅದಕ್ಕೇ ಜಗತ್ತಿನ ಎಷ್ಟೋ ಕಡೆ ಮಾಲೀಕರು ಹೊಸ ಮೋಟಾರನ್ನು ಹಳೆಯ ಜಾಗದಲ್ಲಿ ಇಡದೆ ಡಿಕ್ಕಿಯೊಳಗೆ ಕೂರಿಸುತ್ತಾರೆ. ನೀವು ನೋಡುವ ಗಾಡಿಯಲ್ಲಿ ಅದು ಆಗಲೇ ಡಿಕ್ಕಿಗೆ ಬಂದಿದ್ದರೆ ಸಂತೋಷಪಡಿ. ಮಾರುವವರು ಅದನ್ನು ಕೊರತೆಯ ಹಾಗೆ ಹೇಳಬಹುದು. ನಮ್ಮ ಮಳೆಗೆ ಅದು ದೊಡ್ಡ ಅನುಕೂಲ.

ಬಟ್ಟೆಯ ಮಾಡಿನ ಇನ್ನೊಂದು ಶತ್ರು ಬೂಷ್ಟು. ಒದ್ದೆ ಬಟ್ಟೆಯನ್ನು ಮಡಚಿ ಇಟ್ಟರೆ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಮಳೆಯಲ್ಲಿ, ನಾಲ್ಕೇ ದಿನಕ್ಕೆ ಬೆಳ್ಳಗೆ ಬೂಷ್ಟು ಹಿಡಿಯುತ್ತದೆ. ಮೆತ್ತನೆ ಬ್ರಷ್, ಸೌಮ್ಯವಾದ ಸೋಪು, ಬೇಕಾದಷ್ಟು ನೀರು, ಇಷ್ಟರಲ್ಲಿ ತೊಳೆಯಿರಿ. ಬ್ಲೀಚ್ ಮುಟ್ಟಿಸಬೇಡಿ, ಹೊಲಿಗೆಯ ದಾರವೇ ಸಾಯುತ್ತದೆ. ಪೂರ್ತಿ ಒಣಗಿದ ಮೇಲೆ ನೀರು ಹಿಡಿಯದ ಸ್ಪ್ರೇ ಹೊಡೆಯಿರಿ. ಇದಕ್ಕೆ ಏಪ್ರಿಲ್, ಮೇ ಬಿಸಿಲೇ ಸರಿ. ಮಳೆ ಶುರುವಾದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಎಂಜಿನ್ ಗಟ್ಟಿ. ಅದರ ಸುತ್ತಲಿನ ಪ್ಲಾಸ್ಟಿಕ್ ಗಟ್ಟಿ ಅಲ್ಲ. ಕೂಲಂಟ್ ಟ್ಯಾಂಕು, ರೇಡಿಯೇಟರಿನ ತುದಿ, ಥರ್ಮೋಸ್ಟಾಟಿನ ಮನೆ ಎಲ್ಲ ಇಷ್ಟು ವರ್ಷದಲ್ಲಿ ಒಣಗಿ ಒಡೆಯುವ ಹಂತದಲ್ಲಿ ಇರುತ್ತವೆ. ಹಳೆಯದೇ ಇದ್ದರೆ ತಗೊಂಡ ವಾರವೇ ಎಲ್ಲ ಬದಲಿಸಿ. ಒಮ್ಮೆ ಎಂಜಿನ್ ಕಾದು ಹೆಡ್ ಸೊಟ್ಟಗಾದರೆ ಖರ್ಚು ಗಾಡಿಯ ಬೆಲೆಗೆ ಬಂದು ನಿಲ್ಲುತ್ತದೆ.

ಎಸ್‌ಎಲ್‌ಕೆ

2004ರಿಂದ 2011ರ ತನಕ ಬಂದ ಆರ್171 ಮಾದರಿ ನನ್ನದು. 1.8 ಲೀಟರ್, ಸೂಪರ್‌ಚಾರ್ಜರ್, 163 ಕುದುರೆ ಶಕ್ತಿ. ಜೆಡ್4 ಕೊಡುವ ಆನಂದ ಇದರಲ್ಲಿ ಇಲ್ಲ, ನಿಜ. ಸ್ಟೇರಿಂಗ್ ಸ್ವಲ್ಪ ಮಂಕು. ಆದರೆ ಮಾಡು ಮುಚ್ಚಿದರೆ ಅದು ಮಾಮೂಲಿ ಕಾರು. ಮೇಲೆ ತಗಡು, ಒಳಗೆ ಸದ್ದಿಲ್ಲ. ಬಾವಲಿಗಳು ಬಾದಾಮಿ ಹಣ್ಣು ತಿಂದು ಮೇಲೆ ಉಗುಳಿದರೂ ಒರೆಸಿದರೆ ಹೋಗುತ್ತದೆ. ಬಟ್ಟೆಯ ಮಾಡಿನ ಮೇಲೆ ಆ ಕಲೆ ಹಾಗೇ ಉಳಿಯುತ್ತದೆ.

22 ಸೆಕೆಂಡಿನಲ್ಲಿ ಮಾಡು ಮಡಚಿ ಡಿಕ್ಕಿಯೊಳಗೆ ಹೋಗುತ್ತದೆ. ಇಷ್ಟಕ್ಕೆ ಬೇಕಾದ ಸಿಲಿಂಡರ್, ಎಣ್ಣೆ ಪೈಪು, ಸೆನ್ಸರ್ ಎಲ್ಲ ವಯಸ್ಸಾದಂತೆ ಸೋಲುತ್ತವೆ. ಸಿಲಿಂಡರಿನ ಸೀಲ್ ಒಣಗಿ ಎಣ್ಣೆ ಜಿನುಗುವುದು ಸಾಮಾನ್ಯ. ಡಿಕ್ಕಿಯ ಬದಿಯಲ್ಲಿ, ಮಾಡಿನ ಕೀಲುಗಳ ಹತ್ತಿರ ಬೆರಳಾಡಿಸಿ ನೋಡಿ. ಜಿಡ್ಡು ಸಿಕ್ಕಿದರೆ ಅದೇ. ಇಡೀ ಸಿಲಿಂಡರ್ ಬದಲಿಸದೆ ಸೀಲ್ ಮಾತ್ರ ಬದಲಿಸುವವರು ಇದ್ದಾರೆ, ದೊಡ್ಡ ಊರುಗಳಲ್ಲಿ ವಿಚಾರಿಸಿ. ಮಾಡು ಅಲುಗಾಡುವುದೇ ಇಲ್ಲ ಅಂತ ಯಾರಾದರೂ ಹೇಳಿದರೆ ಮೊದಲು ಡಿಕ್ಕಿಯೊಳಗಿನ ಅಡ್ಡ ಪರದೆ ಎಳೆದಿದ್ದಾರಾ ನೋಡಿ. ಅದನ್ನು ಎಳೆದು ಸಿಕ್ಕಿಸದೆ ಮಾಡು ಏಳುವುದಿಲ್ಲ. ಇದು ಗೊತ್ತಿಲ್ಲದೆ ಗಾಡಿಯನ್ನು ಕಡಿಮೆಗೆ ಮಾರಲು ಹೊರಟವರನ್ನು ನಾನೇ ನೋಡಿದ್ದೇನೆ.

ರಬ್ಬರಿಗೆ ವರ್ಷಕ್ಕೆ ಎರಡು ಸಲ ಸಿಲಿಕೋನ್ ಗ್ರೀಸ್ ಹಚ್ಚುತ್ತೇನೆ. ಮಾಮೂಲಿ ಗ್ರೀಸ್, ತೆಂಗಿನೆಣ್ಣೆ ಎರಡೂ ಬೇಡ. ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಎಂಜಿನ್ನಿನಲ್ಲಿ ಟೈಮಿಂಗ್ ಚೈನ್ ಕಡೆ ಗಮನ ಇರಲಿ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಕರಕರ ಸದ್ದು ಬಂದು ನಿಂತರೆ ಮೆಕ್ಯಾನಿಕ್ಕಿಗೆ ತೋರಿಸಿ. ಅದಕ್ಕೇ ಕಾರು ನೋಡಲು ಹೋಗುವಾಗ, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ.

ಎಲ್ಲಿ ನಿಲ್ಲಿಸುತ್ತೀರಿ

ಮೊದಲ ಮಳೆಗಾಲದಲ್ಲಿ ನಾನು ಮಾಡಿದ ತಪ್ಪು ಇಲ್ಲಿದೆ. ನೀರು ಹನಿಯೂ ಹೋಗುವುದಿಲ್ಲ ಅಂತ ಅಂಗಡಿಯವರು ಹೇಳಿದ ದಪ್ಪ ಪ್ಲಾಸ್ಟಿಕ್ ಕವರ್ ಹಾಕಿ ಊರಿಗೆ ಹೋದೆ. ಮೂರು ವಾರ ಬಿಟ್ಟು ಬಂದು ತೆಗೆದರೆ ಚರ್ಮದ ಸೀಟು, ಸ್ಟೇರಿಂಗ್, ಸೀಟ್ ಬೆಲ್ಟ್ ಎಲ್ಲ ಹಸಿರು. ಹೊರಗಿನ ನೀರು ಒಳಗೆ ಹೋಗಿರಲಿಲ್ಲ, ಅವರ ಮಾತು ನಿಜವೇ. ನೆಲದಿಂದ ಎದ್ದ ತೇವ ಹೊರಗೆ ಹೋಗಲಿಲ್ಲ. ಆ ಸೀಟನ್ನು ಉಜ್ಜಿ ತೆಗೆಯಲು ಎರಡು ದಿನ ಬೇಕಾಯಿತು. ವಾಸನೆ ಹೋಗಲು ದೀಪಾವಳಿ ಬರಬೇಕಾಯಿತು.

ಹಾಗಾಗಿ ಮಾಡಿನ ಕೆಳಗೆ ಗಾಡಿ ನಿಲ್ಲುವುದಾದರೆ ಗಾಳಿಯಾಡುವ ಬಟ್ಟೆಯ ಕವರ್ ಸಾಕು. ಕೆಂಪುಕಲ್ಲಿನ ಗೋಡೆ, ಮಣ್ಣಿನ ಅಥವಾ ಇಂಟರ್‌ಲಾಕ್ ನೆಲ ಇದ್ದರೆ ತೇವ ಕೆಳಗಿನಿಂದ ಏಳುತ್ತದೆ. ದಪ್ಪ ಪ್ಲಾಸ್ಟಿಕ್ ಹಾಳೆ ಬೇಕಾಗುವುದು ಅಲ್ಲಿ, ಗಾಡಿಯ ಕೆಳಗೆ. ಮೂರು ಬದಿ ತೆರೆದ ಶೆಡ್ಡು, ಬೀಗ ಹಾಕಿದ ಶಟರ್ ಕೋಣೆಗಿಂತ ಎಷ್ಟೋ ಮೇಲು. ಶಟರ್ ಕೋಣೆಯೇ ಇರುವುದಾದರೆ ಡಿಹ್ಯುಮಿಡಿಫೈಯರ್ ಇಡಿ, ತೇವವನ್ನು ಶೇಕಡಾ 55ರ ಹತ್ತಿರ ನಿಲ್ಲಿಸಿ. ಮಲ್ಪೆ, ಸುರತ್ಕಲ್, ಕಾಪು ಕಡೆ ಸಮುದ್ರದ ಪಕ್ಕದಲ್ಲೇ ಮನೆ ಇರುವವರಿಗೆ ಮಾತ್ರ ತೆರೆದ ಶೆಡ್ಡು ಬೇಡ ಅನ್ನುತ್ತೇನೆ. ಅಲ್ಲಿ ಗಾಳಿಯೇ ಉಪ್ಪು ತರುತ್ತದೆ.

ತೆಂಗಿನ ಮರದ ಕೆಳಗೆ ಯಾವ ಕಾರನ್ನೂ ನಿಲ್ಲಿಸಬೇಡಿ. ಇಲಿ, ಹೆಗ್ಗಣಗಳಿಗೆ ವಯರ್ ತಿನ್ನುವ ಅಭ್ಯಾಸ. ಎಂಜಿನ್ ಹತ್ತಿರ ಹೊಗೆಸೊಪ್ಪಿನ ಕಟ್ಟು ಇಡುವುದು ನಮ್ಮಲ್ಲಿ ರೂಢಿ, ನಾನೂ ಇಡುತ್ತೇನೆ. ಆದರೂ ವಾರಕ್ಕೊಮ್ಮೆ ಬಾನೆಟ್ ತೆಗೆದು ನೋಡುವುದನ್ನು ಬಿಟ್ಟಿಲ್ಲ. ಮಂಗಳೂರು ಗುಡ್ಡದ ಊರು, ಮನೆಯ ಗೇಟಿನ ಮುಂದೆ ಏರು ಇದ್ದೇ ಇರುತ್ತದೆ. ಈ ಮೂರೂ ಕಾರು ತಗ್ಗು. ಗೇಟಿನಲ್ಲಿ ಮೂತಿ ತಾಗುತ್ತದಾ ಅಂತ ಅಳತೆ ಹಿಡಿದು ನೋಡಿ.

ಮಳೆಗಾಲ ಪೂರ್ತಿ ನಿಲ್ಲಿಸುವುದಾದರೆ ಹ್ಯಾಂಡ್ ಬ್ರೇಕ್ ಎಳೆದು ಬಿಡಬೇಡಿ, ಬ್ರೇಕ್ ಹಿಡಿದುಕೊಳ್ಳುತ್ತದೆ. ಗಾಲಿಗೆ ಮರದ ತುಂಡು ಅಡ್ಡ ಇಡಿ. ಬ್ಯಾಟರಿಗೆ ತಾನೇ ನಿಂತು ತಾನೇ ಶುರುವಾಗುವ ಸಣ್ಣ ಚಾರ್ಜರ್ ಹಾಕಿ. ನಿಂತ ಬ್ಯಾಟರಿ 12.4 ವೋಲ್ಟಿಗಿಂತ ಕೆಳಗೆ ಇಳಿಯಲು ಬಿಡಬಾರದು. ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿ ಇಡುವುದು ಒಳ್ಳೆಯದು ಅಂತ ಹಿರಿಯರು ಹೇಳುತ್ತಾರೆ. ಅದರಿಂದ ಕೆಟ್ಟದ್ದೇ ಜಾಸ್ತಿ. ಸೈಲೆನ್ಸರಿನೊಳಗೆ ನೀರು ಕಟ್ಟುತ್ತದೆ, ಎಂಜಿನ್ ಆಯಿಲ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಮಳೆ ಬಿಟ್ಟ ದಿನ ಹೆದ್ದಾರಿ 66ರಲ್ಲಿ ಇಪ್ಪತ್ತೈದು ಕಿಲೋಮೀಟರ್ ಹೋಗಿ ಬನ್ನಿ. ಆಗದಿದ್ದರೆ ಸ್ಟಾರ್ಟ್ ಮಾಡಲೇಬೇಡಿ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಓಡಿದ್ದು ಸಾವಿರ ಕಿಲೋಮೀಟರ್ ಆದರೂ ಎರಡು ವರ್ಷಕ್ಕೊಮ್ಮೆ ಬದಲಿಸಿ. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ. ಹೂವು (ಟಯರಿನ ಮೇಲಿನ ಗ್ರಿಪ್ ಗೆರೆಗಳು) ಚೆನ್ನಾಗಿದೆ ಅಂತ ಹಳೆಯ ಟಯರ್ ಹಾಕಿಕೊಂಡು ಒದ್ದೆ ಘಾಟಿಗೆ ಹೋಗಬೇಡಿ. ಪೆಟ್ರೋಲಿನಲ್ಲಿ ಈಗ ಶೇಕಡಾ 20 ಎಥನಾಲ್. ಈ ಕಾರುಗಳನ್ನು ಅದಕ್ಕೆಂದು ಕಟ್ಟಿರಲಿಲ್ಲ. ಪೆಟ್ರೋಲ್ ಪೈಪುಗಳನ್ನು ಹೊಸ ಕಾಲದ ರಬ್ಬರಿಗೆ ಬದಲಿಸಿ. ಸ್ಟಾರ್ಮ್‌ನಲ್ಲಿ ಇದನ್ನು ಎಲ್ಲಕ್ಕಿಂತ ಮೊದಲು ಮಾಡಿ. ಮರವಂತೆಗೆ ಹೋಗಿ ಬಂದ ದಿನ ಗಾಡಿಯ ಕೆಳಭಾಗವನ್ನು ಸಿಹಿನೀರಿನಲ್ಲಿ ತೊಳೆಯಿರಿ. ಬೋರ್‌ವೆಲ್ ನೀರೇ ಉಪ್ಪಾಗಿದ್ದರೆ ಬಾವಿಯ ನೀರು ನೋಡಿಕೊಳ್ಳಿ.

ಕಾಗದ ಪತ್ರದ ಖರ್ಚು

ಇಲ್ಲಿ ಮೂರರ ನಡುವೆ ದೊಡ್ಡ ಅಂತರ ಇದೆ, ಯಾರೂ ಮೊದಲು ಹೇಳುವುದಿಲ್ಲ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಿಂದ ಕೇಂದ್ರ ನಿಗದಿ ಮಾಡಿದ ಶುಲ್ಕ ನಮ್ಮ ದೇಶದ ಕಾರಿಗೆ 5,000 ರೂಪಾಯಿ, ಆಮದು ಕಾರಿಗೆ 40,000. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಗಾಡಿಗಳಿಗೆ ಅದನ್ನು 10,000 ಮತ್ತು 80,000ಕ್ಕೆ ಏರಿಸಿದರು. ಸ್ಟಾರ್ಮ್ ಗೋವಾದ್ದು. ಜೆಡ್4, ಎಸ್‌ಎಲ್‌ಕೆ ಎರಡೂ ಆಮದು. ನನ್ನ ಗಾಡಿಯೂ ಈಗ ಆ ಗಡಿಗೆ ಬಂದು ನಿಂತಿದೆ, ನಾನು ದುಡ್ಡು ತೆಗೆದಿಟ್ಟಿದ್ದೇನೆ. ಮಾತುಕತೆ ಮುಗಿಸುವ ಮೊದಲು ಆರ್‌ಸಿಯಲ್ಲಿ ನೋಂದಣಿ ಎಂದಿನ ತನಕ ಇದೆ ನೋಡಿ. ಆರು ತಿಂಗಳಲ್ಲಿ ಮುಗಿಯುವುದಾದರೆ ಆ ಮೊತ್ತವನ್ನು ಬೆಲೆಯಲ್ಲಿ ಕಳೆಯಲು ಕೇಳಿ. ಬೇರೆ ರಾಜ್ಯದ ಗಾಡಿಯಾದರೆ ಇಲ್ಲಿನ ತೆರಿಗೆಯೂ ಸೇರುತ್ತದೆ.

ಹಾಗಾದರೆ ಯಾರಿಗೆ ಯಾವುದು

ಫ್ಲಾಟಿನಲ್ಲಿ ಇರುವವರು, ಕೆಳಗೆ ಪಾರ್ಕಿಂಗ್ ಇದೆ, ಕೈಯಲ್ಲಿ ಹೊತ್ತಿಲ್ಲ, ಮನೆಯವರೂ ಜತೆಗೆ ಬರಬೇಕು ಅನ್ನುವವರು ಎಸ್‌ಎಲ್‌ಕೆ ನೋಡಿ. ಮಾಡಿನ ರಿಪೇರಿಗೆ ಒಂದಷ್ಟು ದುಡ್ಡು ಬದಿಗೆ ಇಟ್ಟು ತಗೊಳ್ಳಿ. ಅಂಗಳ ಇದೆ, ಶೆಡ್ಡು ಇದೆ, ಭಾನುವಾರ ಕೈಗೆ ಗ್ರೀಸ್ ಹತ್ತಿದರೆ ಖುಷಿಯಾಗುತ್ತದೆ ಅನ್ನುವವರಿಗೆ ಸ್ಟಾರ್ಮ್. ನನಗೆ ನಾಳೆ ಕಟಪಾಡಿಯಲ್ಲಿ ಅಂಥ ಮನೆ ಸಿಕ್ಕಿದರೆ ನಾನೂ ಅದನ್ನೇ ತಗೊಳ್ಳುತ್ತೇನೆ.

ಜೆಡ್4 ಬೇಕೇ ಬೇಕು ಅನ್ನುವವರನ್ನು ನಾನು ತಡೆಯುವುದಿಲ್ಲ. ಕಾಪು ದೀಪಸ್ತಂಭದ ಕಡೆ ಡಿಸೆಂಬರ್ ಬೆಳಿಗ್ಗೆ ಆರು ಗಂಟೆಗೆ ಮಾಡು ತೆಗೆದು ಹೋಗುವುದನ್ನು ನೆನೆಸಿಕೊಂಡರೆ ನನಗೂ ಅದೇ ಬೇಕು ಅನಿಸುತ್ತದೆ. ಮೋಟಾರು ಡಿಕ್ಕಿಗೆ ಬಂದಿರಬೇಕು, ಗಾಡಿ ಸೋರದ ಮಾಡಿನ ಕೆಳಗೆ ನಿಲ್ಲಬೇಕು. ಈ ಎರಡರಲ್ಲಿ ಒಂದು ಇಲ್ಲದಿದ್ದರೂ ಬೇಡ.

ಯಾವುದನ್ನೇ ಆಗಲಿ ನೋಡಲು ಮಳೆಗಾಲದಲ್ಲಿ ಹೋಗಿ. ಬೇಸಿಗೆಯಲ್ಲಿ ಎಲ್ಲ ಕಾರೂ ಒಣಗಿಯೇ ಇರುತ್ತದೆ. ಬಾಗಿಲು ತೆಗೆದ ಕೂಡಲೆ ಮೂಗಿಗೆ ಏನು ಬರುತ್ತದೆ ಗಮನಿಸಿ. ಅತ್ತರಿನ ಘಮ ಜೋರಾಗಿದ್ದರೆ ಇನ್ನಷ್ಟು ಎಚ್ಚರ. ಮಾಡನ್ನು ಮೂರು ಸಲ ತೆಗೆದು ಮುಚ್ಚಿಸಿ. ಮೊದಲ ಸಲ ಸರಿ ಇದ್ದು ಮೂರನೆಯ ಸಲ ನಿಲ್ಲುವ ಪಂಪುಗಳು ಇವೆ. 2015ರ ಚೆನ್ನೈ ನೆರೆ, 2018ರ ಕೇರಳದ ನೆರೆ ಆದ ಸಮಯದಲ್ಲಿ ಗಾಡಿ ಯಾವ ಊರಿನಲ್ಲಿತ್ತು ಅಂತ ಸರ್ವಿಸ್ ಪುಸ್ತಕದಲ್ಲಿ ನೋಡಿ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆಯಿರಿ, ಕೊನೆಯ ಒಂದಡಿಯಲ್ಲಿ ಕೆಸರಿನ ಗೆರೆ ಇರಬಹುದು. ಸ್ಟೆಪ್ನಿ ಇಡುವ ಗುಂಡಿ ನೋಡಿ. ಕೊನೆಗೆ ಸೀಟಿನ ಹಿಂದೆ ಕಾರ್ಪೆಟ್ ಎತ್ತಿ, ಅದರ ಕೆಳಗಿನ ಸ್ಪಂಜನ್ನು ಎರಡು ಬೆರಳಿನಲ್ಲಿ ಹಿಂಡಿ. ನೀರು ಬಂದರೆ ಬೆಲೆ ಎಷ್ಟೇ ಇಳಿಸಿದರೂ ವಾಪಸ್ ಬನ್ನಿ.